ಮುತ್ತವ್ವನ ಕೊನೇ ತುಣುಕು

ಬನಹಟ್ಟಿಯಲ್ಲಿ ನೇಕಾರರ ಓಣಿ ಮುಗಿಯುವ ಕಡೆ ಒಂದು ಬಾವಿ ಇದೆ. ಬಾವಿಯ ಮಗ್ಗಲಿಗೆ ಆಲದ ಮರ. ಅದನ್ನು ದಾಟಿ ಸ್ವಲ್ಪ ನಡೆದರೆ ಹೊಸ ಬಡಾವಣೆ, ಅಲ್ಲಿ ಸುಹಾಸಿನಿ ಆತ್ಯಾನ ಮನೆ. ನಮ್ಮ ರಸಿಕಾ ಆ ರಾತ್ರಿ ಈ ಸೋದರತ್ತೆಯ ಮನೆಗೆ ಅದೇ ದಾರಿಯಲ್ಲಿ ಒಬ್ಬಳೇ ಬರುತ್ತಿದ್ದಳು.

ಕರೆಂಟು ಹೋಗಿತ್ತು. ಕರೆಂಟು ಹೋದರೆ ಬನಹಟ್ಟಿ ಬೇರೆ ಊರೇ ಆಗಿಬಿಡುತ್ತದೆ. ಹಗಲೂ ರಾತ್ರಿ ಖಟಕ್ ಖಟಕ್ ಅನ್ನುವ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚುತ್ತವೆ. ಆಮೇಲೆ ಕೇಳುವ ಒಂದೊಂದು ಸಪ್ಪಳವೂ ನಮ್ಮ ಬೆನ್ನ ಹಿಂದೆಯೇ ಆದಂತೆ ಇರುತ್ತದೆ.

ಬಾವಿಯೊಳಗೆ ಹನಿ ಬೀಳುತ್ತಿತ್ತು. ತೊಟ್... ತೊಟ್...

ಆಲದ ಕೊಂಬೆಗೆ ಯಾವುದೋ ಹಳೇ ನಾಗರ ಪಂಚಮಿಗೆ ಕಟ್ಟಿದ ಜೋಕಾಲಿ ನೇತಾಡುತ್ತಿತ್ತು. ಒಂದು ಕಡೆಯ ಹಗ್ಗ ನಡುವೆಯೇ ಹರಿದು, ಕೂರುವ ಹಲಗೆ ಒಂದು ಮೂಲೆಯಿಂದ ನೆಲಕ್ಕೆ ಜೋತುಬಿದ್ದಿತ್ತು. ಗಾಳಿ ಬಂದಾಗ ಉಳಿದ ಹಗ್ಗ ಕೊಂಬೆಗೆ ಉಜ್ಜಿ... ಕಿರ್ರ್...

ಆಗ ಅವಳ ಕೈಯಲ್ಲಿದ್ದ ಫೋನು ಟಿಕ್ ಅಂದಿತು.

ರಸಿಕಾ ನಿಂತಳು. ಟಿಕ್... ಟಿಕ್... ಅದೇನು ಹೊಸ ಸಪ್ಪಳವಲ್ಲ. ಅವಳೇ ಇಟ್ಟ ಸಪ್ಪಳ. ಫೋನು ಏನನ್ನೋ ಕೇಳುತ್ತಿದೆ, ಯಾರಾದರೂ ಹತ್ತಿರ ಇದ್ದೀರಾ ಅನ್ನುತ್ತಿದೆ, ಅಷ್ಟೇ. ಓಣಿಯಿಂದ ಹೊರಡುವಾಗ ಆರಿಸಲು ಮರೆತಿದ್ದಳು. ಆರಿಸಬೇಕೆಂದು ಪರದೆ ಮೇಲೆ ಬೆರಳಿಟ್ಟಳು.

ಟಣ್.

ಅದು ಉತ್ತರದ ಸಪ್ಪಳ. ಪರದೆಯ ಮೇಲೆ ಒಂದು ಸಾಲು ಮೂಡಿತ್ತು: ಹತ್ತಿರದಲ್ಲಿ ಒಂದು ಫೋನಿದೆ.

ಅವಳು ಟಾರ್ಚು ಹಾಕಿದಳು. ಬಾವಿಯ ಕಟ್ಟೆ. ಮರದ ಬೇರು. ಜೋತುಬಿದ್ದ ಹಲಗೆ. ಮರದ ಹಿಂದೆ, ಓಣಿಯವರು ತಮ್ಮವರಿಗೆ ಮಣ್ಣು ಕೊಡುವ ಜಾಗದಲ್ಲಿ, ಇನ್ನೂ ಹಸಿ ಇದ್ದ ಒಂದು ಮಣ್ಣಿನ ದಿಬ್ಬ. ಮನುಷ್ಯರು ಯಾರೂ ಇರಲಿಲ್ಲ... ಒಬ್ಬರೂ.

ಅವಳು ಓಡಿದಳು. ಮನೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ಪರದೆ ನೋಡಿದರೆ ಆ ಸಾಲು ಅಳಿದುಹೋಗಿತ್ತು.

ಸುಹಾಸಿನಿ ಆತ್ಯಾ ಮೇಣಬತ್ತಿ ಹಿಡಿದು ಬಂದವರು, ಯಾಕ ಹಿಂಗ ಬೆವತೀ ಎಂದು ಕೇಳಿದರು. ರಸಿಕಾ ಎರಡು ಮಾತಿನಲ್ಲಿ ಹೇಳಿದಳು. ಅವಳಿಗೆ ಯಾವುದನ್ನೂ ಎರಡು ಮಾತಿಗಿಂತ ಹೆಚ್ಚು ಹೇಳಿ ರೂಢಿಯಿಲ್ಲ.

"ಯಾರರೆ ಕಬ್ಬಿಗೆ ನೀರು ಬಿಡಲಿಕ್ಕೆ ಬಂದಿರಬೇಕು," ಎಂದರು ಆತ್ಯಾ. "ಅವರ ಕಿಸೇದಾಗ ಫೋನು ಇರೂದಿಲ್ಲೇನು? ಊಟ ಮಾಡು, ಭಕ್ರಿ ಆರಿ ಹೋಗ್ಯಾವ."

ರಸಿಕಾ ಹೂಂ ಅಂದಳು. ಆದರೆ ಅವಳಿಗೆ ಗೊತ್ತಿತ್ತು. ಎಲ್ಲ ಫೋನುಗಳೂ ಅವಳ ಫೋನಿಗೆ ಉತ್ತರ ಕೊಡುವುದಿಲ್ಲ. ಅವಳ ಆ್ಯಪು ಇರುವ ಫೋನು ಮಾತ್ರ ಕೊಡುತ್ತದೆ. ಆ ಆ್ಯಪು ಇದ್ದದ್ದು ಓಣಿಯವರ ಹತ್ತಿರ ಮಾತ್ರ. ಅವರೆಲ್ಲ ಆಗ ಕರೆಪ್ಪನ ಮಗ್ಗದ ಮನೆಯಲ್ಲಿ, ಅವಳು ಬಿಟ್ಟುಬಂದಲ್ಲೇ, ತಾಯಿಯನ್ನು ಕಳೆದುಕೊಂಡ ಮಂಗಲಾಳ ಸುತ್ತ ಕೂತಿದ್ದರು.

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು.

ರಸಿಕಾ ಜಮಖಂಡಿಯ ಹುಡುಗಿ, ಇಂಜಿನಿಯರಿಂಗ್ ಕೊನೆಯ ವರ್ಷ. ಅವಳ ಪ್ರಾಜೆಕ್ಟು ಏನೆಂದರೆ, ಟಾವರ್ ಸಿಗದ ಕಡೆ ಫೋನುಗಳು ತಾವು ತಾವೇ ಕೈ ಹಿಡಿದುಕೊಂಡು ವಿಡಿಯೋ ದಾಟಿಸುವುದು. ವಿಡಿಯೋ ಇಡಿಯಾಗಿ ಹೋಗುವುದಿಲ್ಲ, ತುಣುಕು ತುಣುಕಾಗಿ ಹೋಗುತ್ತದೆ. ಒಂದು ಫೋನಿಗೆ ಯಾವುದೋ ತುಣುಕು ತಪ್ಪಿದರೆ ಅದು ಮಗ್ಗಲಿನ ಫೋನನ್ನು ಕೇಳುತ್ತದೆ. ಅಲ್ಲಿ ಇಲ್ಲದಿದ್ದರೆ ಅದು ತನ್ನ ಮಗ್ಗಲಿನದನ್ನು. ಕೇಳುವಾಗ ಟಿಕ್, ಸಿಕ್ಕಾಗ ಟಣ್. ಓಣಿಯಲ್ಲಿ ಪರೀಕ್ಷೆ ಮಾಡುತ್ತ ನಡೆಯುವಾಗ ಪರದೆ ನೋಡದೆಯೇ ತಿಳಿಯಲಿ ಎಂದು ಈ ಸಪ್ಪಳ ಇಟ್ಟಿದ್ದಳು.

ನೇಕಾರರ ಓಣಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ತಗಡಿನ ಶೆಡ್ಡುಗಳ ನಡುವೆ ಟಾವರು ಅಷ್ಟಕ್ಕಷ್ಟೇ, ಕರೆ ಹೇಗೋ ಬಂದೀತು, ವಿಡಿಯೋ ದಾಟುವುದಿಲ್ಲ. ಮಗ್ಗದ ಮಾಲಕ ಕರೆಪ್ಪನಿಗೆ ಅವಳು ಇದನ್ನೆಲ್ಲ ತಡವರಿಸುತ್ತ ವಿವರಿಸಿದಾಗ ಅವನು ನಕ್ಕಿದ್ದ.

"ಇದನ್ನ ಕಲಿಯಾಕ ಕಾಲೇಜಿಗೆ ಹೋಗಬೇಕೇನ್ರಿ ಸಣ್ಣ ಬಾಯಾರ? ನಮ್ಮ ಓಣ್ಯಾಗ ಸಕ್ಕರಿ ತೀರಿದ್ರ ಬಾಜೂ ಮನಿ. ಅಲ್ಲಿ ಇಲ್ಲಂದ್ರ ಅದರ ಬಾಜೂ ಮನಿ. ಚಾ ಏನ ನಿಂತಿಲ್ಲ."

ನಕ್ಕರೂ ಆ್ಯಪು ಹಾಕಲು ತನ್ನ ಫೋನು ಕೊಟ್ಟ. ಪಕ್ಕದ ಶಿವವ್ವ ಕೊಟ್ಟಳು. ಹಾಗೇ ಸಾಲಾಗಿ ಓಣಿಯೆಲ್ಲ. ಎಲ್ಲರಿಗಿಂತ ಕೊನೆಗೆ, ಸೆರಗಿನ ತುದಿಯ ಗಂಟು ಬಿಚ್ಚಿ, ಮುತ್ತವ್ವ ಕೊಟ್ಟಳು.

ಮುತ್ತವ್ವ ಕೆಚ್ಚುವವಳು. ಮಗ್ಗದ ಮೇಲಿನ ಉದ್ದೆಳೆಯ ಹಾಸು ಮುಗಿಯುತ್ತ ಬಂದಾಗ ಹಳೇ ಎಳೆಯ ತುದಿಗೆ ಹೊಸ ಎಳೆಯ ತುದಿ ಕೂಡಿಸಬೇಕು, ಒಂದೊಂದಾಗಿ, ಸಾವಿರಾರು ಎಳೆ. ಗಂಟು ಹಾಕುವಂತಿಲ್ಲ. ಗಂಟು ಮಗ್ಗದ ಬಾಚಣಿಗೆಯಂಥ ಹಣಿಗೆಯಲ್ಲಿ ಸಿಕ್ಕು ಎಳೆ ಹರಿಯುತ್ತದೆ. ಅದಕ್ಕೆ ಬೆರಳಿಗೆ ಬೂದಿ ಹಚ್ಚಿಕೊಂಡು ಎರಡೂ ತುದಿಯನ್ನು ಸುಮ್ಮನೆ ಹೊಸೆಯುವುದು. ಮುತ್ತವ್ವ ಹೊಸೆದರೆ ಎಲ್ಲಿ ಕೂಡಿತು ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಗಂಡ ಯಾವಾಗಲೋ ಹೋಗಿದ್ದ. ಇದ್ದ ಒಬ್ಬ ಮಗಳು ಮಂಗಲಾ, ತಾನೇ ಮೆಚ್ಚಿಕೊಂಡ ವಿಜಯನನ್ನು ಲಗ್ನವಾಗಿ ಬೀಳಗಿಗೆ ಹೋಗಿದ್ದಳು. ಆ ದಿನದಿಂದ ತಾಯಿ ಮಗಳೊಡನೆ ಮಾತು ಬಿಟ್ಟಿದ್ದಳು. ಮೊದಲ ಪಂಚಮಿಗೆ ಮಗಳನ್ನು ಕರೆಯಲಿಲ್ಲ. ಆಮೇಲಿನ ಪಂಚಮಿಗಳಿಗೂ ಕರೆಯಲಿಲ್ಲ. ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪಂಚಮಿಗೆ ಕರೆ ಬರದ ಹೆಣ್ಣಿಗೆ ತವರು ಇಲ್ಲ.

ಆ ಫೋನು ಕೂಡ ಮಂಗಲಾನೇ ಯಾರದೋ ಕೈಯಲ್ಲಿ ಕಳಿಸಿದ್ದು. ಮುತ್ತವ್ವ ಅದನ್ನು ದಿನಾ ಚಾರ್ಜು ಮಾಡುತ್ತಿದ್ದಳು. ಮಗಳ ಕರೆ ಬಂದರೆ ಎತ್ತುತ್ತಿರಲಿಲ್ಲ, ರಿಂಗ್ ಆಗುವಷ್ಟು ಹೊತ್ತು ಕೈಯಲ್ಲಿ ಹಿಡಿದು ಕೂರುತ್ತಿದ್ದಳು. ಶಿವವ್ವ ಒಮ್ಮೆ, ಎತ್ತಬಾರದೇನ ಅಂದದ್ದಕ್ಕೆ, ಎತ್ತಿದ್ರ ಮಾತಾಡಬೇಕಾಗ್ತೈತಿ ಅಂದಳಂತೆ.

ರಸಿಕಾಳಿಗೆ ಆ ಮಾತು ತಟ್ಟನೆ ತಿಳಿದಿತ್ತು. ಅವಳೂ ಅಂಥವಳೇ.

ಪರೀಕ್ಷೆಯ ದಿನ ಅವಳು ಮುತ್ತವ್ವನ ಫೋನನ್ನೇ ಸ್ಟೂಲಿನ ಮೇಲೆ ಅವಳೆದುರು ನಿಲ್ಲಿಸಿ, ಕೆಚ್ಚುತ್ತ ಇರು ಮುತ್ತವ್ವ, ಏನರೆ ಮಾತಾಡು ಎಂದು ಹೇಳಿ, ಚಿತ್ರ ಸರಿಯಾಗಿ ಮುಟ್ಟುತ್ತದೋ ಇಲ್ಲವೋ ನೋಡಲು ಓಣಿಯ ಆ ತುದಿಗೆ ಹೋದಳು. ಚಿತ್ರ ಮುಟ್ಟಿತು. ಬೂದಿ ಬೆರಳು, ಬಿಳಿ ಎಳೆ, ಹಿಂದೆ ಖಟಕ್ ಖಟಕ್. ಕೊನೆಯಲ್ಲಿ ಮುತ್ತವ್ವ ಮುಖ ಎತ್ತಿದಳು. ಏನೋ ಅಂದಳು. ಅಷ್ಟರಲ್ಲಿ ನಾಚಿಕೊಂಡೋ ಏನೋ, ಬೂದಿಯ ಬೆರಳಿನಿಂದ ಫೋನು ಆರಿಸಿಬಿಟ್ಟಳು. ಕೊನೆಯ ಒಂದು ತುಣುಕು ಅವಳ ಫೋನಿನಿಂದ ಹೊರಗೆ ಬರಲೇ ಇಲ್ಲ. ಆಮೇಲೆ ಇಸಿದುಕೊಂಡರಾಯಿತು ಎಂದು ರಸಿಕಾ ಜಮಖಂಡಿಗೆ ಹೋದಳು.

ಆಷಾಢ ಮುಗಿಯುವ ಮೊದಲು ಮುತ್ತವ್ವ ಹೋದಳು. ಒಂದು ಮುಂಜಾನೆ ಕರೆಯಲು ಹೋದರೆ ಗೋಡೆಗೆ ಆನಿಕೊಂಡು ಕೂತಲ್ಲೇ ಹೋಗಿದ್ದಳು. ಮಂಗಲಾ ಬಂದು ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು.

ತಾಯಿಯ ಮುಖವನ್ನೂ ನೋಡದವಳಿಗೆ ಓಣಿಯವರು ಆ ವಿಡಿಯೋದ ಸುದ್ದಿ ಹೇಳಿದರು. ಮಂಗಲಾ ರಸಿಕಾಳಿಗೆ ಫೋನು ಮಾಡಿದಳು. ರಸಿಕಾ ಬಂದಳು. ಬಂದು ಮನೆ ಮನೆ ತಿರುಗಿ, ಯಾರ ಫೋನಿನಲ್ಲಿ ಯಾವ ತುಣುಕು ಉಳಿದಿದೆಯೋ ಎಲ್ಲ ಕೂಡಿಸಿದಳು. ನಾನು ಮೊದಲು ಹೇಳಿದೆನಲ್ಲ, ಕರೆಂಟು ಹೋದ ಆ ರಾತ್ರಿ, ಕರೆಪ್ಪನ ಮಗ್ಗದ ಮನೆಯಲ್ಲಿ ಎಲ್ಲರೂ ಸುತ್ತಗಟ್ಟಿ ಅದನ್ನು ನೋಡಿದರು.

ಮುತ್ತವ್ವ ಕೆಚ್ಚುತ್ತಿದ್ದಳು. ಮುಖ ಎತ್ತಿದಳು. ಮಗ್ಗದ ಸಪ್ಪಳದ ನಡುವೆ ಅವಳ ದನಿ ಸ್ಪಷ್ಟವಾಗಿ ಕೇಳಿತು.

"ಮಂಗಲಾ... ಈ ಪಂಚಮಿಗೆ..."

ಅಲ್ಲಿಗೆ ನಿಂತಿತು. ಬಾಯಿ ಅರ್ಧ ತೆರೆದಂತೆಯೇ ಚಿತ್ರ ಗಟ್ಟಿಯಾಯಿತು.

ಮತ್ತೆ ಹಚ್ಚು ಅಂದಳು ಮಂಗಲಾ. ಮತ್ತೆ ಅಲ್ಲಿಗೇ ನಿಂತಿತು. ಎಷ್ಟು ಸಲ ಹಚ್ಚಿದರೂ ಅಲ್ಲಿಗೇ. ಆ ಹೊತ್ತು ನೀ ಅಲ್ಲೇ ಮಗ್ಗದ ಮುಂದ ಇದ್ದೆಲ್ಲ ಕಾಕಾ, ಅವ್ವ ಏನಂದಳು ಎಂದು ಕರೆಪ್ಪನನ್ನು ಕೇಳಿದಳು. ಮಗ್ಗದ ಸಪ್ಪಳದಾಗ ಕೇಳಲಿಲ್ಲವ್ವ ಎಂದು ಅವನು ತಲೆ ತಗ್ಗಿಸಿದ.

ಮಂಗಲಾ ಅಳಲಿಲ್ಲ. ಗೋಡೆ ನೋಡುತ್ತ ಅಂದಳು, "ಬಾ ಅಂದಿರಬೇಕು. ಇಲ್ಲಾ ಬರಬ್ಯಾಡ ಅಂದಿರಬೇಕು. ಯಾವುದರೆ ಒಂದು ಗೊತ್ತಾಗಬೇಕು ನನಗ. ನಾಡದ ಮುಂಜಾನೆ ವಿಜಯ ಕರಿಯಾಕ ಬರ್ತಾನ. ಬ್ಯಾಡ ಅಂದಿದ್ರ ನಾ ಮತ್ತ ಈ ಓಣಿ ತುಳಿಯಂಗಿಲ್ಲ."

ಅದಾದ ಮೇಲೆಯೇ ರಸಿಕಾ ಒಬ್ಬಳೇ ಬಾವಿಯ ದಾರಿ ಹಿಡಿದು ಮನೆಗೆ ಹೊರಟಿದ್ದು.

ಮರುದಿನ ಅವಳು ಓಣಿಗೆ ಹೋಗಿ ಮುತ್ತವ್ವನ ಫೋನು ಎಲ್ಲಿ ಎಂದು ಕೇಳಿದಳು. ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಶಿವವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಸಣ್ಣ ದನಿಯಲ್ಲಿ ಅಂದಳು:

"ಅಕಿ ಕೂಡ ಇಟ್ಟೇವಿ, ತಂಗಿ."

"ಎಲ್ಲಿ?"

"ಮಣ್ಣಾಗ."

ಓಣಿಯಲ್ಲಿ ಹಾಗೆ ಇಡುವುದುಂಟು. ಸತ್ತವರಿಗೆ ಇಷ್ಟವಾದದ್ದು ಒಂದು ಎರಡು, ಎಲೆ ಅಡಿಕೆ ಚೀಲ, ಕನ್ನಡಕ. ಮುತ್ತವ್ವನಿಗೆ ಬೂದಿಯ ಡಬ್ಬಿ ಇಟ್ಟರು. ಇನ್ನೇನು ಮಣ್ಣು ಎಳೆಯಬೇಕು ಅನ್ನುವಾಗ ಶಿವವ್ವ ಓಡಿಹೋಗಿ ದಿಂಬಿನ ಕೆಳಗಿನ ಫೋನು ತಂದಳು. ಜೀವಮಾನವೆಲ್ಲ ಒಬ್ಬಾಕಿನೇ ಇದ್ದವಳು, ಅಲ್ಲೂ ಒಬ್ಬಾಕಿನೇ ಹೇಗೆ ಕಳಿಸುವುದು ಎಂದು ಅವಳಿಗೆ ಅನಿಸಿತು. ಚಾಲೂ ಮಾಡಿಯೇ ಇಟ್ಟಳು. ರಸಿಕಾಳ ಆ್ಯಪನ್ನೂ ಒತ್ತಿ ಇಟ್ಟಳು, ಓಣಿಯವರೆಲ್ಲ ಅದರೊಳಗೆ ಇದ್ದಾರೆ ಎಂದು. ಕರೆಪ್ಪ ಮಾತ್ರ ಆವಾಗಲೂ, ಚಾರ್ಜರು ಇಡೂದ ಮರತ್ಯಲ್ಲ ಅಂದಿದ್ದನಂತೆ. ಯಾರೂ ನಗಲಿಲ್ಲ.

ರಸಿಕಾ ಲೆಕ್ಕ ಹಾಕಿದಳು. ಆ ಫೋನಿನ ಬ್ಯಾಟರಿ ಒಂದು ದಿನ, ಬಹಳ ಅಂದರೆ ಎರಡು ದಿನ. ಮಣ್ಣು ಕೊಟ್ಟು ವಾರ ಕಳೆದಿದೆ. ಬ್ಯಾಟರಿ ಇದ್ದರೂ ಅಷ್ಟು ಮಣ್ಣು ತೂರಿ ಸಿಗ್ನಲ್ಲು ಮೇಲೆ ಬರುವುದು ಆಗದ ಮಾತು. ಇದನ್ನು ಅವಳು ಪುಸ್ತಕದಲ್ಲಿ ಓದಿದ್ದಳು, ಕೈಯಾರೆ ಅಳೆದೂ ನೋಡಿದ್ದಳು.

ಆದರೂ ಮಂಗಲಾಳಿಗೆ ಹೇಳಿದಳು. ಯಾಕೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಮಂಗಲಾ ಸಂಜೆ ಕತ್ತಲಾಗುತ್ತಲೇ ಸೆರಗು ಹೊದ್ದುಕೊಂಡು ಹೊರಗೆ ಬಂದು ನಿಂತಳು.

ಇಬ್ಬರೂ ಬಾವಿಯ ಕಡೆ ನಡೆದರು. ಆ ದಿನ ಕರೆಂಟು ಇತ್ತು. ಹಿಂದೆ ಓಣಿಯಲ್ಲಿ ಮಗ್ಗಗಳು ಖಟಕ್ ಖಟಕ್ ಅನ್ನುತ್ತಿದ್ದವು. ನಡೆದಂತೆ ಆ ಸಪ್ಪಳ ತೆಳ್ಳಗಾಯಿತು, ಆದರೆ ನಿಲ್ಲಲಿಲ್ಲ. ಇದನ್ನು ನೆನಪಿಡಿ, ಮಗ್ಗ ನಡೆಯುತ್ತಿದ್ದವು.

ಆಲದ ಕೆಳಗೆ ನಿಂತರು. ಹಲಗೆ ಹಾಗೆಯೇ ಜೋತುಬಿದ್ದಿತ್ತು. ಮಂಗಲಾ ಅದನ್ನು ಕಾಲಿನಿಂದ ಮೆಲ್ಲಗೆ ಸರಿಸಿದಳು.

"ಇದು ನಮ್ಮ ಜೋಕಾಲಿ," ಎಂದಳು ಪಿಸುಮಾತಿನಲ್ಲಿ. "ನನ್ನ ಲಗ್ನದ ಹಿಂದಿನ ಪಂಚಮಿಗೆ ಅವ್ವ ಕಟ್ಟಿದ್ಲು. ಮತ್ತ ಯಾರೂ ಕಟ್ಟಿಲ್ಲ ನೋಡು."

ರಸಿಕಾ ಫೋನು ಚಾಲೂ ಮಾಡಿದಳು.

ಟಿಕ್...

ಟಿಕ್...

ಏನೂ ಇಲ್ಲ. ಬಾವಿಯಲ್ಲಿ ತೊಟ್ ಎಂದು ಒಂದು ಹನಿ.

"ಎಷ್ಟೊತ್ತು ನಿಲ್ಲಬೇಕು?"

"ಗೊತ್ತಿಲ್ಲ ಮಂಗಲಕ್ಕ."

"ಇರಲಿ. ಅವ್ವ ಮಾತು ಬಿಟ್ಟಾಗಿಂದ ನಿಂತ ಇದ್ದೇನಿ."

ರಸಿಕಾಳಿಗೆ ಏನಾದರೂ ಸಮಾಧಾನ ಹೇಳಬೇಕು ಅನಿಸಿತು. ಮಂಗಲಾಳ ಕೈ ಹಿಡಿದಳು. ಆ ಕೈ ಬೆಚ್ಚಗಿತ್ತು, ಒರಟಾಗಿತ್ತು. ಹಾಗೇ ನಿಂತರು. ಟಿಕ್... ಟಿಕ್... ಫೋನು ಕೇಳುತ್ತಲೇ ಇತ್ತು. ಯಾರೂ ಇಲ್ಲದ ಮನೆಯ ಬಾಗಿಲನ್ನು ಬೆರಳ ತುದಿಯಿಂದ ಬಡಿದಂತೆ. ನಿಮ್ಮ ಹತ್ತಿರ ಇದೆಯೇ... ನಿಮ್ಮ ಹತ್ತಿರ ಇದೆಯೇ...

ಬ್ಯಾಟರಿ ಕೆಂಪಾಯಿತು. ಸಾಕು, ಹೋಗೋಣ ಎಂದು ರಸಿಕಾ ಹೇಳಬೇಕು, ಅಷ್ಟರಲ್ಲಿ ಗಾಳಿ ನಿಂತಿತು. ಒಂದು ಎಲೆಯೂ ಅಲುಗಲಿಲ್ಲ.

ಆದರೆ ಮೇಲೆ ಕೊಂಬೆಯ ಹತ್ತಿರ... ಕಿರ್ರ್...

ಟಣ್.

ಪರದೆಯ ಮೇಲೆ ಸಾಲು ಮೂಡಿತು. ಹತ್ತಿರದಲ್ಲಿ ಒಂದು ಫೋನಿದೆ. ಅದರ ಕೆಳಗೆ, ಈ ಸಲ, ಆ ಫೋನಿನ ಹೆಸರೂ ಬಂತು. ಅವ್ವ.

ಮಂಗಲಾಳ ಉಗುರು ರಸಿಕಾಳ ಅಂಗೈಗೆ ಊರಿತು. ಫೋನನ್ನು ಬನಹಟ್ಟಿಗೆ ಕಳಿಸುವ ಮುಂಚೆ ಆ ಹೆಸರನ್ನು ಹಾಕಿದವಳು ಅವಳೇ.

ಒಂದು ತುಣುಕು ಬರತೊಡಗಿತು. ನಿಧಾನವಾಗಿ. ನಿಂತು ನಿಂತು. ಅಲುಗಾಡಿದರೆ ಎಲ್ಲಿ ಕಡಿಯುತ್ತದೋ ಎಂದು ಇಬ್ಬರೂ ಉಸಿರು ಹಿಡಿದರು... ಬಂತು. ಪರದೆ ಒಮ್ಮೆ ಮಿನುಗಿ, ವಿಡಿಯೋ ತಾನಾಗಿ ಚಾಲೂ ಆಯಿತು.

ಬೂದಿ ಬೆರಳು. ಬಿಳಿ ಎಳೆ. ಖಟಕ್ ಖಟಕ್. ಮುತ್ತವ್ವ ಮುಖ ಎತ್ತಿದಳು.

"ಮಂಗಲಾ... ಈ ಪಂಚಮಿಗೆ..."

ಮಗ್ಗದ ಸಪ್ಪಳ ನಿಂತುಹೋಯಿತು.

ಓಣಿಯಲ್ಲಿ ಅಲ್ಲ. ಓಣಿಯ ಮಗ್ಗಗಳು ದೂರದಲ್ಲಿ ನಡೆದೇ ಇದ್ದವು. ವಿಡಿಯೋದೊಳಗಿನವು ನಿಂತವು. ಅದೇ ಮುಖ, ಅದೇ ಸೀರೆ, ಅದೇ ಗೋಡೆ. ಆದರೆ ಒಳಗೆ ಎಲ್ಲ ಸ್ತಬ್ಧ. ಆ ಸ್ತಬ್ಧತೆಯಲ್ಲಿ, ಫೋನಿನ ಸಣ್ಣ ಸ್ಪೀಕರಿನಿಂದ, ನೀರಿನ ಹನಿ ಬೀಳುವುದು ಕೇಳಿಸಿತು. ತೊಟ್... ತೊಟ್... ಕರೆಪ್ಪನ ಮಗ್ಗದ ಮನೆಯಲ್ಲಿ ನೀರಿನ ಕೊಳವೆಯೇ ಇಲ್ಲ.

ಮುತ್ತವ್ವ ನೇರ ಇತ್ತ ನೋಡಿದಳು. ಆಮೇಲೆ ಅಂದಳು:

"ಜೋಕಾಲಿ ಕಟ್ಟತೇನಿ. ಬಾ."

ಅಷ್ಟೇ. ಬೂದಿ ಹತ್ತಿದ ಬೆರಳು ಹತ್ತಿರ ಬಂದು ಪರದೆಯನ್ನೆಲ್ಲ ಮುಚ್ಚಿತು. ರಸಿಕಾಳ ಫೋನು ಆರಿತು.

ಕತ್ತಲಲ್ಲಿ ಮಂಗಲಾ ಮಣ್ಣಿನ ದಿಬ್ಬದ ಕಡೆ ತಿರುಗಿ, ಪಕ್ಕದ ಕೋಣೆಯಲ್ಲಿದ್ದವರಿಗೆ ಹೇಳುವಂತೆ ಹೇಳಿದಳು.

"ಆತು ಬೇ ಯವ್ವಾ. ಬರ್ತೇನಿ."

ಇಬ್ಬರೂ ಹಿಂದಕ್ಕೆ ನಡೆದರು. ಓಣಿಯ ಬಾಯಿಗೆ ಬಂದಾಗ ಮಂಗಲಾ, ನೀ ಒಬ್ಬಾಕಿ ಹ್ಯಾಂಗ ಹೋಗ್ತಿ, ಇಲ್ಲೇ ಮಲ್ಕೊ ಅಂದಳು. ಆ ರಾತ್ರಿ ಮುತ್ತವ್ವನ ಮನೆಯಲ್ಲಿ ಇಬ್ಬರೂ ಒಂದೇ ಕೌದಿ ಹೊದ್ದು ಮಲಗಿದರು. ರಸಿಕಾಳಿಗೆ ಯಾರ ಮಗ್ಗಲಿಗೆ ಮಲಗಿದರೂ ನಿದ್ದೆ ಬರುವುದಿಲ್ಲ. ಅವತ್ತು ಬಂತು.

ಮುಂಜಾನೆ ವಿಜಯ ಮೋಟರ್ ಸೈಕಲ್ ತಂದ. ಹೋಗುವ ಮೊದಲು ತಾಯಿಯ ಮಣ್ಣಿಗೆ ನೀರು ಹಾಕಿ ಬರುತ್ತೇನೆಂದು ಮಂಗಲಾ ತಂಬಿಗೆ ಹಿಡಿದು ಹೊರಟಳು. ಜೊತೆಗೆ ವಿಜಯ, ರಸಿಕಾ, ಶಿವವ್ವ, ಕರೆಪ್ಪ. ಆಲದ ಮರದ ಹತ್ತಿರ ಬಂದಾಗ ಮುಂದೆ ಇದ್ದ ಶಿವವ್ವ ತಟ್ಟನೆ ನಿಂತಳು.

ಜೋಕಾಲಿ ನೆಟ್ಟಗೆ ನೇತಾಡುತ್ತಿತ್ತು. ಎರಡೂ ಕಡೆಯ ಹಗ್ಗ ಬಿಗಿಯಾಗಿತ್ತು. ಹಲಗೆ ಸಮನಾಗಿತ್ತು.

ಯಾರೋ ರಾತ್ರಿ ಕಟ್ಟಿದ್ದಾರೆ, ಪಂಚಮಿ ಬಂತಲ್ಲ ಎಂದ ವಿಜಯ. ಅವನು ಹೊರಗಿನವನು. ಕರೆಪ್ಪ ಹತ್ತಿರ ಹೋದ. ಹರಿದಿದ್ದ ಕಡೆಯ ಹಗ್ಗ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಕೈ ಎಳೆದ. ಇನ್ನೊಮ್ಮೆ ಎಳೆದ. ನಡುವೆ ಒಂದು ಕಡೆ ಅವನ ಕೈ ನಿಂತಿತು. ಬೆರಳು ಬಿಡಿಸಿ ನೋಡಿದ. ಬೆರಳು ಬೂದು ಬಣ್ಣಕ್ಕೆ ತಿರುಗಿತ್ತು. ಅವನು ಅದನ್ನು ಧೋತರಕ್ಕೆ ಒರೆಸಿಕೊಂಡು ಹಿಂದೆ ಸರಿದ. ಆ ದಿನ ಪೂರ್ತಿ ಅವನು ಯಾರನ್ನೂ ಚೇಷ್ಟೆ ಮಾಡಲಿಲ್ಲವಂತೆ.

ಪಂಚಮಿಗೆ ಮಂಗಲಾ ಬಂದಳು. ಶಿವವ್ವ ಅರಳು, ಉಂಡಿ ಮಾಡಿ ತವರಿನವಳಂತೆ ಅವಳಿಗೆ ಉಡಿ ತುಂಬಿದಳು. ರಸಿಕಾ ಜಮಖಂಡಿಯಿಂದ ಬಂದು ಜೋಕಾಲಿಯನ್ನು ದೂಡಿದಳು. ಹಗ್ಗ ತಡೆಯಿತು.

ಇದು ಯಾರೋ ಕಟ್ಟಿದ ಕತೆ ಅಂತ ನಿಮಗೆ ಅನಿಸಿದರೆ ಬನಹಟ್ಟಿಗೆ ಹೋಗಿ. ಜೋಕಾಲಿ ಇನ್ನೂ ಇದೆ, ಯಾರೂ ಬಿಚ್ಚಿಲ್ಲ. ಹಗ್ಗ ಹರಿದರೆ ಲೋಕದಲ್ಲಿ ಎಲ್ಲರೂ ಗಂಟು ಹಾಕುತ್ತಾರೆ. ಹೆಬ್ಬೆರಳು ದಪ್ಪದ ಆ ಹಗ್ಗಕ್ಕೆ ಮೇಲಿನಿಂದ ಕೆಳಗಿನವರೆಗೆ ಕೈ ಎಳೆದು ನೋಡಿ.

ಗಂಟು ಇಲ್ಲ.